ಸಿಹಿನೀರಿನ ಕೆಳಗೆ ಉಪ್ಪುನೀರು

ಮಕ್ಕಳೇ, ನಿಮ್ಮಲ್ಲಿ ಎಷ್ಟು ಮಂದಿಗೆ ಈಜಲು ಬರುತ್ತದೆ? ನಮ್ಮ ಕಾಲದಲ್ಲಿ ಕೆರೆಯಲ್ಲಿ ಈಜು ಕಲಿಯುವವರಿಗೆ ಎರಡು ಒಣ ತೆಂಗಿನಕಾಯಿಗಳೇ ಗುರುಗಳು. ಸುಲಿಯದ ಕಾಯಿಗಳ ಸಿಪ್ಪೆಯನ್ನು ಸ್ವಲ್ಪ ಎಬ್ಬಿಸಿ, ಒಂದಕ್ಕೊಂದು ಗಂಟು ಹಾಕಿ, ಆ ಗಂಟಿನ ಮೇಲೆ ಎದೆಯಿಟ್ಟು ನೀರಿಗೆ ಇಳಿಯುತ್ತಿದ್ದೆವು. ಕಾಯಿಗಳು ತಾವೂ ಮುಳುಗುತ್ತಿರಲಿಲ್ಲ, ನಮ್ಮನ್ನೂ ಮುಳುಗಲು ಬಿಡುತ್ತಿರಲಿಲ್ಲ. ಆದರೆ ಚಡ್ಡಿಯ ಜೇಬಿನಿಂದ ಜಾರಿದ ಹತ್ತು ಪೈಸೆಯ ನಾಣ್ಯ ಮಾತ್ರ ನೇರವಾಗಿ ಕೆರೆಯ ತಳಕ್ಕೆ ಹೋಗುತ್ತಿತ್ತು. ಅಷ್ಟು ಭಾರದ ಕಾಯಿ ತೇಲಿತು, ಇಷ್ಟು ಹಗುರವಾದ ನಾಣ್ಯ ಮುಳುಗಿತು. ಹಾಗಾದರೆ ತೇಲುವುದನ್ನೂ ಮುಳುಗುವುದನ್ನೂ ನಿರ್ಧರಿಸುವುದು ಬರಿಯ ತೂಕವಲ್ಲ ಎಂದಾಯಿತು.

ಒಂದೇ ಅಳತೆಯ ಜಾಗದಲ್ಲಿ ಎಷ್ಟು ತೂಕ ತುಂಬಿಕೊಂಡಿದೆ ಎಂಬುದೇ ಮುಖ್ಯ. ಇದಕ್ಕೆ ಸಾಂದ್ರತೆ ಎಂದು ಹೆಸರು. ಒಂದು ಲೀಟರಿನ ಪಾತ್ರೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅದರ ತುಂಬ ಬಾವಿಯ ಸಿಹಿನೀರು ಹಾಕಿದರೆ 1,000 ಗ್ರಾಂ ತೂಗುತ್ತದೆ. ತೆಂಗಿನೆಣ್ಣೆಯಾದರೆ ಸುಮಾರು 920 ಗ್ರಾಂ. ಆದುದರಿಂದಲೇ ಎಣ್ಣೆ ನೀರಿನ ಮೇಲೆ ನಿಲ್ಲುತ್ತದೆ. ಅದೇ ಪಾತ್ರೆಯಷ್ಟು ಜಾಗದಲ್ಲಿ ಕಬ್ಬಿಣವಿದ್ದರೆ ಸುಮಾರು 7,900 ಗ್ರಾಂ, ಚಿನ್ನವಿದ್ದರೆ 19,300 ಗ್ರಾಂ. ಕಡಲ ನೀರು? ಅದು ಸುಮಾರು 1,025 ಗ್ರಾಂ. ಸಿಹಿನೀರಿಗಿಂತ 25 ಗ್ರಾಂ ಮಾತ್ರ ಹೆಚ್ಚು. ಈ 25 ಎಂಬ ಸಂಖ್ಯೆಯನ್ನು ಮರೆಯಬೇಡಿ, ಸ್ವಲ್ಪ ಹೊತ್ತಿನಲ್ಲಿ ಅದರ ಕೆಲಸವಿದೆ.

ಈ ವಿಷಯ ಪುಸ್ತಕಕ್ಕೆ ಬರುವ ಮೊದಲೇ ನಮ್ಮ ಗದ್ದೆಗಳಿಗೆ ಬಂದಿತ್ತು. ಮಳೆಗಾಲದ ಬಿತ್ತನೆಗೆ ಮೊದಲು ನನ್ನ ತಾಯಿಯವರು ಬೀಜದ ಮುಡಿ ಬಿಚ್ಚಿ, ದೊಡ್ಡ ಚರಿಗೆಯಲ್ಲಿ ನೀರು ತುಂಬಿಸಿ, ನೆರೆಮನೆಯಿಂದ ಒಂದು ಹೊಸ ಕೋಳಿಮೊಟ್ಟೆ ತರಿಸುತ್ತಿದ್ದರು. ಮೊಟ್ಟೆ ಮೊದಲು ತಳದಲ್ಲಿ ಮಲಗಿರುತ್ತಿತ್ತು. ಉಪ್ಪು ಕಲಸುತ್ತ ಹೋದಂತೆ ಅದು ಮೆಲ್ಲನೆ ಏಳುತ್ತಿತ್ತು. ನಾಣ್ಯದಷ್ಟು ಅಗಲದ ಬೆನ್ನು ನೀರಿನಿಂದ ಹೊರಗೆ ಕಂಡಿತೆಂದರೆ ಉಪ್ಪು ಸಾಕು. ಆಮೇಲೆ ಬೀಜದ ಭತ್ತವನ್ನು ಸುರಿಯುವುದು. ಜೊಳ್ಳು ಮತ್ತು ಅರೆಬಲಿತ ಕಾಳು ತೇಲುತ್ತವೆ, ಗಟ್ಟಿ ಕಾಳು ಮುಳುಗುತ್ತದೆ. ಮುಳುಗಿದ್ದನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಬಿತ್ತನೆಗೆ, ತೇಲಿದ್ದು ಕೋಳಿಗಳಿಗೆ. ಬರಿಯ ನೀರಿನಲ್ಲಿ ಹಾಕಿದರೆ ಅರೆಬಲಿತ ಕಾಳುಗಳೂ ಮುಳುಗಿ ಗಟ್ಟಿ ಕಾಳಿನ ಜೊತೆ ಸೇರಿಕೊಳ್ಳುತ್ತವೆ. ಹಾಗೆ ಸೇರಿದ ಬೀಜ ಬಿತ್ತಿದರೆ ನೇಜಿ ಸೊರಗುತ್ತದೆ, ಒಂದು ವರ್ಷದ ಅನ್ನಕ್ಕೇ ಕೊರತೆ. ಒಂದು ಹಿಡಿ ಉಪ್ಪು ಹೆಚ್ಚು ಕಡಿಮೆಯಾಗದಂತೆ ಅವರು ಅಷ್ಟು ಜಾಗ್ರತೆ ವಹಿಸುತ್ತಿದ್ದುದು ಅದಕ್ಕೇ.

ಇನ್ನು ಬಾವಿಯ ಮಾತು. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆ ಕಡಲಿನಿಂದ ಕೂಗಳತೆಯ ದೂರದಲ್ಲಿತ್ತು. ಮರಳಿನಲ್ಲಿ ತೋಡಿದ ಬಾವಿ, ಆಳ ಹೆಚ್ಚಿಲ್ಲ. ನೀರು ಮಾತ್ರ ಎಳನೀರಿನಂತೆ ಸಿಹಿ. ಕಡಲು ಅಷ್ಟು ಹತ್ತಿರವಿದ್ದರೂ ಬಾವಿ ಹೇಗೆ ಸಿಹಿಯಾಗಿರುತ್ತದೆ ಎಂದು ನನಗೆ ಬೆರಗು. ಬೇಸಿಗೆಯ ಒಂದು ದಿನ ನಾನು ಕೊಡಪಾನವನ್ನು ಹಗ್ಗದ ತುದಿಯವರೆಗೆ ಇಳಿಸುವುದನ್ನು ಕಂಡು, ಗಂಜಿ ಬೇಯಿಸುವ ಅಕ್ಕ ಓಡಿಬಂದು, "ಮಾಷ್ಟ್ರೇ, ಅಡಿಯ ನೀರು ಎಬ್ಬಿಸಬೇಡಿ. ಮೇಲಿನದ್ದನ್ನು ಕೆರೆದ ಹಾಗೆ ಎತ್ತಬೇಕು" ಎಂದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಆ ಬಾವಿಯೊಳಗೆ ಎರಡು ನೀರುಗಳಿವೆ ಎಂಬುದು ಅವರಿಗೆ ಗೊತ್ತಿತ್ತು.

ಅದು ಹೀಗೆ. ಮಳೆಯ ನೀರು ಮರಳಿನಲ್ಲಿ ಇಂಗುತ್ತದೆ. ಕಡಲಿನ ನೀರೂ ನೆಲದೊಳಗೆ ನುಸುಳಿ ಬಂದಿರುತ್ತದೆ. ಮರಳಿನೊಳಗೆ ಅವನ್ನು ಯಾರೂ ಕಲಕುವುದಿಲ್ಲವಾದ್ದರಿಂದ ಎರಡೂ ಬೇಗ ಬೆರೆಯುವುದಿಲ್ಲ. ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ದೋಣಿಯಂತೆ ತೇಲಿಕೊಂಡಿರುತ್ತದೆ. ಈ ದೋಣಿ ಎಷ್ಟು ಆಳ? ಲೆಕ್ಕ ಮಾಡಿ ನೋಡೋಣ. ನೆಲದೊಳಗೆ 40 ಅಡಿ ಎತ್ತರದ ಉಪ್ಪುನೀರಿಗೆ ಸಮನಾಗಿ ತೂಗಲು ಎಷ್ಟು ಅಡಿ ಸಿಹಿನೀರು ಬೇಕು? 40 ಅನ್ನು 1,025ರಿಂದ ಗುಣಿಸಿದರೆ 41,000. 41 ಅನ್ನು 1,000ದಿಂದ ಗುಣಿಸಿದರೂ 41,000. ಅಂದರೆ 41 ಅಡಿ ಸಿಹಿನೀರು ಬೇಕು. ಅದರಲ್ಲಿ 40 ಅಡಿ ಕಡಲಿನ ಮಟ್ಟದಿಂದ ಕೆಳಗಿರುತ್ತದೆ, ಒಂದೇ ಒಂದು ಅಡಿ ಮೇಲಿರುತ್ತದೆ. 1,000ವನ್ನು ನಮ್ಮ ಆ 25ರಿಂದ ಭಾಗಿಸಿದರೂ ಬರುವುದು 40 ತಾನೇ? ಹಾಲೆಂಡಿನ ಬಾಡೋನ್ ಗೈಬೆನ್ 1889ರ ಸುಮಾರಿಗೆ, ಜರ್ಮನಿಯ ಹೆರ್ಜ್‌ಬರ್ಗ್ 1901ರಲ್ಲಿ ಈ ಲೆಕ್ಕವನ್ನು ಬರೆದಿಟ್ಟರು.

ಲೆಕ್ಕದ ಇನ್ನೊಂದು ಮುಖ ಕಹಿಯಾದುದು. ಕಡಲಿನ ಮಟ್ಟಕ್ಕಿಂತ ಮೇಲಿದ್ದ ಆ ಒಂದು ಅಡಿಯನ್ನು ನಾವು ತೆಗೆದುಬಿಟ್ಟರೆ, ಕಾಲಕ್ರಮದಲ್ಲಿ ಕೆಳಗಿನ ಉಪ್ಪುನೀರು 40 ಅಡಿ ಮೇಲೇರಬಲ್ಲದು. ನಮ್ಮ ಶಾಲೆಯ ಬಳಿ ಆದದ್ದೂ ಇದೇ. ಸುತ್ತಮುತ್ತ ಪಂಪುಗಳು ಬಂದವು, ಹಗಲು ರಾತ್ರಿ ನೀರು ಎತ್ತಿದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಾವಿಯ ಮೇಲಿನ ನೀರೂ ಉಪ್ಪಾಯಿತು. ಬೇಳೆ ಬೇಯಲಿಲ್ಲ, ಚಹಾ ಒಡೆಯಿತು. ಮಕ್ಕಳು ಪುಸ್ತಕದ ಜೊತೆಗೆ ಮನೆಯಿಂದ ಬಾಟಲಿಯಲ್ಲಿ ಕುಡಿಯುವ ನೀರು ಹೊತ್ತು ತರಬೇಕಾಯಿತು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಓಡಿಹೋಗಿ ಕಡಲು ಸೇರುತ್ತದೆ. ಮಾಡಿನಿಂದ ಇಳಿಯುವ ನೀರನ್ನು ಇಂಗುಗುಂಡಿಗೆ ಬಿಡಿ ಎಂದು ನಿಮ್ಮ ಟೀಚರು ಹೇಳುವುದು ಸುಮ್ಮನೆ ಅಲ್ಲ. ಆ ನೀರು ಬಾವಿಯನ್ನು ತುಂಬಿಸುವುದಷ್ಟೇ ಅಲ್ಲ, ಉಪ್ಪುನೀರನ್ನು ಕೆಳಗೆ ಒತ್ತಿ ಹಿಡಿಯುತ್ತದೆ.

ನೀರಿನ ಇನ್ನೊಂದು ಗುಣ ಇನ್ನೂ ವಿಚಿತ್ರ. ಹೆಚ್ಚಿನ ವಸ್ತುಗಳು ತಣ್ಣಗಾಗಿ ಗಟ್ಟಿಯಾದಾಗ ಕುಗ್ಗುತ್ತವೆ, ಸಾಂದ್ರತೆ ಹೆಚ್ಚುತ್ತದೆ. ತಣ್ಣಗಾಗಿ ಗಟ್ಟಿಯಾದ ತುಪ್ಪದ ನಡುವೆ ಗುಳಿ ಬಿದ್ದಿರುವುದನ್ನು ನೋಡಿದ್ದೀರಲ್ಲ? ನೀರು ಹಾಗಲ್ಲ. ಅದು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇನ್ನೂ ತಣ್ಣಗಾದರೆ ಹಿಗ್ಗುತ್ತದೆ. ಒಂದು ಲೀಟರ್ ಪಾತ್ರೆಯಷ್ಟು ಮಂಜುಗಡ್ಡೆ 917 ಗ್ರಾಂ ಮಾತ್ರ. ಆದ್ದರಿಂದ ಕಡುಚಳಿಯಲ್ಲಿ ಕಾಶ್ಮೀರದ ದಾಲ್ ಸರೋವರ ಹೆಪ್ಪುಗಟ್ಟಿದಾಗ ಮಂಜಿನ ಹಲಗೆ ಮೇಲೆ ನಿಲ್ಲುತ್ತದೆ, ಅಡಿಯಲ್ಲಿ ನೀರು ನೀರಾಗಿಯೇ ಇರುತ್ತದೆ, ಮೀನುಗಳು ಬದುಕುತ್ತವೆ. ಮಂಜು ಮುಳುಗುವಂತಿದ್ದರೆ ಸರೋವರಗಳು ತಳದಿಂದಲೇ ಗಟ್ಟಿಯಾಗುತ್ತ ಬರುತ್ತಿದ್ದವು.

ಗಾಳಿಯೂ ಇದೇ ನಿಯಮಕ್ಕೆ ಒಳಪಟ್ಟಿದೆ. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಿಗ್ಗಿ ಹಗುರಾಗಿ ಏಳುತ್ತದೆ, ಆ ಜಾಗಕ್ಕೆ ಕಡಲಿನ ತಂಪುಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ನಮ್ಮ ತೆಂಗಿನ ಗರಿಗಳೆಲ್ಲ ಪೂರ್ವಕ್ಕೆ ಬಾಗುವುದು ಅದರಿಂದ.

ಈಗ ಕಾಲ ಕೆಳಗಿನ ಭೂಮಿಯನ್ನೇ ನೋಡಿ. ಬೆಟ್ಟಗುಡ್ಡಗಳ ಸಾಮಾನ್ಯ ಕಲ್ಲು ನೀರಿಗಿಂತ ಸುಮಾರು 2.7 ಪಟ್ಟು ಸಾಂದ್ರ. ಇಡೀ ಭೂಮಿಯೂ ಅಷ್ಟೇ ಇರಬೇಕಲ್ಲವೇ? 1798ರಲ್ಲಿ ಲಂಡನ್ನಿನ ಹೆನ್ರಿ ಕ್ಯಾವೆಂಡಿಶ್ ಎಂಬ ವಿಜ್ಞಾನಿ ಮುಚ್ಚಿದ ಕೋಣೆಯೊಳಗೆ ದೊಡ್ಡ ಸೀಸದ ಗುಂಡುಗಳು ಚಿಕ್ಕ ಗುಂಡುಗಳನ್ನು ಎಷ್ಟು ಸೆಳೆಯುತ್ತವೆ ಎಂದು ಅಳೆದರು. ಉಸಿರು ತಾಗಿದರೂ ಲೆಕ್ಕ ತಪ್ಪುವಷ್ಟು ಸೂಕ್ಷ್ಮವಾದ ಕೆಲಸ! ಹೊರಗೆ ನಿಂತು, ಗೋಡೆಯ ತೂತಿನಿಂದ ದೂರದರ್ಶಕದಲ್ಲಿ ನೋಡುತ್ತ ಮಾಡಿದ ಆ ಲೆಕ್ಕದಿಂದ ಭೂಮಿಯ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂದು ತಿಳಿಯಿತು. ಮೇಲಿನ ಕಲ್ಲಿನ ಎರಡು ಪಟ್ಟು! ಹಾಗಾದರೆ ಒಳಗೆ ಬಹಳ ಭಾರವಾದುದೇನೋ ಇರಲೇಬೇಕು. ಅದು ಮುಖ್ಯವಾಗಿ ಕಬ್ಬಿಣ ಎಂಬುದು ಮುಂದೆ ಗೊತ್ತಾಯಿತು. ಭೂಮಿ ಕರಗಿದ ಉಂಡೆಯಾಗಿದ್ದ ಕಾಲದಲ್ಲಿ ಕಬ್ಬಿಣ ಮುಳುಗಿ ನಡುವಿಗೆ ಸೇರಿತು, ಹಗುರವಾದ ಕಲ್ಲು ತೇಲಿ ಮೇಲೆ ಉಳಿಯಿತು. ಬಿತ್ತನೆಯ ಭತ್ತದ ಚರಿಗೆಯ ಹಾಗೆಯೇ. ನಾವು ಮನೆ ಕಟ್ಟಿಕೊಂಡಿರುವುದು ತೇಲಿದ್ದರ ಮೇಲೆ.

ನಕ್ಷತ್ರಗಳ ಸಾಂದ್ರತೆಯನ್ನು ಲೆಕ್ಕ ಹಾಕಿದವರಲ್ಲಿ ನಮ್ಮ ದೇಶದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಒಬ್ಬರು. 1930ರಲ್ಲಿ, 19 ವರ್ಷದ ಹುಡುಗನಾಗಿದ್ದಾಗ, ಓದಲೆಂದು ಮುಂಬಯಿಯಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟರು. ನಮ್ಮೂರಿನ ಎದುರಿಗಿರುವ ಇದೇ ಅರಬ್ಬಿ ಸಮುದ್ರದ ದಾರಿ. ಉರಿದು ಮುಗಿದ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಗ್ಗಿದರೆ ಏನಾದೀತು ಎಂದು ಅವರು ಹಡಗಿನಲ್ಲೇ ಲೆಕ್ಕ ಮಾಡುತ್ತ ಹೋದರು. ಸೂರ್ಯನಷ್ಟು ವಸ್ತು ಭೂಮಿಯಷ್ಟು ಚಿಕ್ಕ ಉಂಡೆಯಲ್ಲಿ ಅಡಗಿದರೆ ಅದು ಶ್ವೇತಕುಬ್ಜ. ಅದರ ಒಂದು ಚಮಚ ಕೆಲವು ಟನ್ ತೂಗುತ್ತದೆ. ಆದರೆ ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ವಸ್ತುವಿದ್ದರೆ ಶ್ವೇತಕುಬ್ಜವಾಗಿ ನಿಲ್ಲಲು ಆಗದು, ಇನ್ನೂ ಕುಗ್ಗಲೇಬೇಕು ಎಂದು ಅವರು ತೋರಿಸಿದರು. ಹಿರಿಯರು ಒಪ್ಪಲು ಬಹಳ ಕಾಲ ಹಿಡಿಯಿತು. ನೊಬೆಲ್ ಪ್ರಶಸ್ತಿ ಬಂದುದು 1983ರಲ್ಲಿ.

ಇಷ್ಟೆಲ್ಲ ನಕ್ಷತ್ರಗಳು ಹುಟ್ಟಿದ್ದಾದರೂ ಹೇಗೆ? ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವ ಆರಂಭವಾದ ಹೊಸತರಲ್ಲಿ ವಸ್ತುವೆಲ್ಲ ಎಲ್ಲೆಡೆ ಹೆಚ್ಚುಕಡಿಮೆ ಸಮನಾಗಿ ಹರಡಿತ್ತು. ಪೂರ್ತಿ ಸಮನಾಗಿ ಅಲ್ಲ. ಒಂದು ಲಕ್ಷ ಕಾಳಿನಲ್ಲಿ ಒಂದು ಕಾಳು ಹೆಚ್ಚು ಅಥವಾ ಕಡಿಮೆ, ಅಷ್ಟೇ. ಆ ಕಾಲದ ಬೆಳಕಿನಲ್ಲಿ ಉಳಿದಿರುವ ಇಷ್ಟು ಚಿಕ್ಕ ವ್ಯತ್ಯಾಸವನ್ನು ಕೋಬೆ ಎಂಬ ಉಪಗ್ರಹ ಕಂಡುಹಿಡಿದಿದೆಯೆಂದು 1992ರಲ್ಲಿ ತಿಳಿಸಲಾಯಿತು. ತುಸು ಸಾಂದ್ರವಾಗಿದ್ದ ಕಡೆ ಸೆಳೆತ ತುಸು ಹೆಚ್ಚು. ಅದು ನೆರೆಯ ವಸ್ತುವನ್ನು ತನ್ನತ್ತ ಎಳೆಯಿತು, ಮತ್ತಷ್ಟು ಸಾಂದ್ರವಾಯಿತು, ಇನ್ನಷ್ಟು ಎಳೆಯಿತು. ಹಾಗೆ ಕೂಡಿಕೊಂಡ ರಾಶಿಗಳೇ ನಕ್ಷತ್ರಗಳ ಊರುಗಳು. ನಮ್ಮ ಊರಿನ ಹೆಸರು ಕ್ಷೀರಪಥ.

ಮಾರ್ಚ್ ತಿಂಗಳ ಬೆಳಗಿನ ಜಾವ, ಚಂದ್ರನಿಲ್ಲದ ದಿನ, ಮನೆಯ ಹಿರಿಯರೊಡನೆ ಕರೆಂಟು ದೀಪಗಳಿಲ್ಲದ ಪದವಿನ ಮೇಲೆ ನಿಂತು ತೆಂಕು ಮೂಡಣ ದಿಕ್ಕಿಗೆ ನೋಡಿ. ಹಾಲು ಚೆಲ್ಲಿದಂತಹ ಪಟ್ಟಿಯೊಂದು ಕಾಣುತ್ತದೆ. ಅದರ ನಡುವೆ ಅಲ್ಲಲ್ಲಿ ಕಪ್ಪು ಕಲೆಗಳೂ ಇವೆ. ಅಲ್ಲಿ ಏನೂ ಇಲ್ಲವೆಂದು ತಿಳಿಯಬೇಡಿ. ಅವು ಅನಿಲ ಮತ್ತು ಧೂಳಿನ ಮೋಡಗಳು, ಹಿಂದಿನ ನಕ್ಷತ್ರಗಳ ಬೆಳಕನ್ನು ಮರೆ ಮಾಡುತ್ತಿವೆ. ನಾವು ಉಸಿರಾಡುವ ಗಾಳಿಗೆ ಹೋಲಿಸಿದರೆ ಅವು ಕೋಟ್ಯಂತರ ಪಟ್ಟು ವಿರಳ. ಆದರೂ ಸುತ್ತಲಿನ ಆಕಾಶಕ್ಕಿಂತ ಸಾಂದ್ರವಾಗಿವೆ. ಹೊಸ ನಕ್ಷತ್ರಗಳು ಹುಟ್ಟುವುದು ಅಂತಹ ಮೋಡಗಳ ಒಳಗೆ.