ಈಸುಗಾರರಿಲ್ಲದ ಬಾವಡಿ

ವಿಜಯಪುರಕ್ಕೆ ಬಂದವರು ಮೊದಲು ಗೋಲಗುಮ್ಮಟವನ್ನು ನೋಡುತ್ತಾರೆ. ಅಲ್ಲಿಂದ ಊರನ್ನು ಅಡ್ಡಹಾಯ್ದು ಇಬ್ರಾಹಿಂ ರೋಜಾಕ್ಕೆ ಹೋಗುತ್ತಾರೆ. ಎರಡೂ ಸಮಾಧಿಗಳೇ. ಆದಿಲ್‌ಶಾಹಿಗಳು ಸತ್ತವರಿಗಾಗಿ ಕಟ್ಟಿದ್ದನ್ನು ಹೀಗೆ ಮನದಣಿಯೆ ಕಂಡವರಲ್ಲಿ ಅನೇಕರು, ಬದುಕಿರುವವರಿಗಾಗಿ ಕಟ್ಟಿದ್ದನ್ನು ಕಾಣದೆಯೇ ಮರಳುತ್ತಾರೆ. ರೋಜಾದ ದಾರಿಯಲ್ಲಿ, ಮಕ್ಕಾ ದರವಾಜೆಯ ಒಳಬದಿಯಲ್ಲಿ, ತಾಜ್ ಬಾವಡಿ ಇದೆ.

1620ರಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಇದು ನಿರ್ಮಾಣವಾಯಿತು. ಬಾವಿ ಎನ್ನುವುದಕ್ಕಿಂತ ಹೊಂಡ ಎನ್ನುವುದೇ ಇದಕ್ಕೆ ಒಪ್ಪುತ್ತದೆ: ಒಂದೊಂದು ಬದಿ ಸುಮಾರು 223 ಅಡಿ, ಆಳ 50 ಅಡಿಗೂ ಮಿಗಿಲು. ಮುಂಭಾಗದಲ್ಲಿ ಎರಡು ಎಂಟುಮೂಲೆಯ ಬುರುಜುಗಳ ನಡುವೆ 35 ಅಡಿ ಅಗಲದ ಕಮಾನು. ಅದರ ಕೆಳಗಿನಿಂದಲೇ ಮೆಟ್ಟಿಲುಗಳು ನೀರಿಗಿಳಿಯುತ್ತವೆ. ನೀರಿನ ಸುತ್ತ ಓಡಾಡಲು ದಾರಿ, ದಣಿದು ಬಂದ ಪಯಣಿಗರಿಗೆ ತಂಗಲು ಕೋಣೆಗಳು. ಮಲಿಕ್ ಸಂದಲ್ ಎಂಬ ಅಧಿಕಾರಿಗೆ ಸುಲ್ತಾನನು ಬೇಕಾದುದನ್ನು ಬೇಡೆಂದಾಗ, ಆತ ತನ್ನ ಹೆಸರುಳಿಯುವಂಥ ಕಟ್ಟಡವೊಂದನ್ನು ಕಟ್ಟಲು ಅನುಮತಿ ಕೇಳಿದನೆಂದು ಐತಿಹ್ಯವಿದೆ. ಕಟ್ಟಿದ ಬಾವಡಿಗೆ ಉಳಿದದ್ದು ಮಾತ್ರ ರಾಣಿಯ ಹೆಸರು.

ಹಳೆಯ ತಲೆಮಾರಿನ ನಗರವಾಸಿಗಳಿಗೆ ತಾಜ್ ಬಾವಡಿ ಸ್ಮಾರಕವಾಗಿರಲಿಲ್ಲ. ಈಸು ಕಲಿತ ಜಾಗವಾಗಿತ್ತು. ದಕ್ಷಿಣದವರ ‘ಈಜು’ ಇಲ್ಲಿ ಇಂದಿಗೂ ‘ಈಸು’. ಹಳಗನ್ನಡದಿಂದ ಬಂದ ಈ ರೂಪ ಪುರಂದರದಾಸರ ಪದದಲ್ಲಿಯೂ ಸಿಕ್ಕುತ್ತದೆ. ಅದನ್ನು ಗ್ರಂಥಸಂಪಾದಕರಿಗಿಂತ ಚೆನ್ನಾಗಿ ಕಾಪಾಡಿದವರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಹಾರಿದ ಈ ಸೀಮೆಯ ಹುಡುಗರು. “ಈಸು ಬರ್ತದೇನಪಾ?” ಎಂದು ಕೇಳಿದ ಕಾಕಾ, ಉತ್ತರಕ್ಕೆ ಕಾಯದೆ ನೀರಿಗೆ ನೂಕುವುದೇ ಶಿಕ್ಷಣಕ್ರಮ.

ಈಸುವವರಿರುವ ನೀರಿಗೆ ಕಾವಲು ಬೇಕಿಲ್ಲ. ತಾವು ಮುಳುಗೇಳುವ ನೀರಿನಲ್ಲಿ ಯಾರೂ ಕಸ ಚೆಲ್ಲರು, ಚೆಲ್ಲಬಂದವರನ್ನು ಸುಮ್ಮನೆ ಬಿಡರು. ಮನೆಮನೆಗೆ ನಳ ಬಂದಂತೆ ಬಾವಡಿಯ ಹಂಗು ತಪ್ಪಿತು. ಗಣೇಶಮೂರ್ತಿಗಳ ವಿಸರ್ಜನೆಯಾಯಿತು, ಕಸ ಬಿತ್ತು, ನೀರು ಹಸಿರುಗಟ್ಟಿತು. ಕಳೆದ ದಶಕದಲ್ಲಿ ಹೂಳು ತೆಗೆಸಿ ಶುಚಿಗೊಳಿಸಿದಾಗ ಊರಿಗೆ ಊರೇ ಬಂದು ತಳವನ್ನು ನೋಡಿತು. ಸಂರಕ್ಷಣೆಯೆಂದರೆ ಬೇಲಿ ಹಾಕಿ ಜನರನ್ನು ದೂರವಿಡುವುದು ಎಂಬ ತಿಳಿವಳಿಕೆ ಈ ಬಾವಡಿಯ ಮಟ್ಟಿಗೆ ಅರ್ಧಸತ್ಯ. ಜನ ದೂರವಾದ ಮೇಲೆಯೇ ಅದು ಕೆಟ್ಟದ್ದು.

ನಗರದ ನೀರಿನ ಮೂಲವನ್ನು ಅರಸುವವರು ತಿಕೋಟಾದ ರಸ್ತೆ ಹಿಡಿಯಬೇಕು. ನಾಲ್ಕಾರು ಕಿಲೋಮೀಟರಿನಲ್ಲಿ ತೊರವಿ. ಭೂಮಿಯೊಳಗೆ ಸುರಂಗ ಕೊರೆದು, ನೆಲದ ಇಳಿಜಾರನ್ನೇ ನಂಬಿ, ಇಲ್ಲಿಂದ ಕೋಟೆಯ ಊರಿಗೆ ನೀರು ಹರಿಸಿದ್ದರು. ಅದರ ಗುರುತಾಗಿ ಸುರಂಗ ಬಾವಡಿ ಉಳಿದಿದೆ. ಇದೇ ತೊರವಿಯ ನರಸಿಂಹನ ಅಂಕಿತದಲ್ಲಿ ಕುಮಾರವಾಲ್ಮೀಕಿ ಭಾಮಿನೀ ಷಟ್ಪದಿಯ ರಾಮಾಯಣವನ್ನು ರಚಿಸಿದನು. ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ‘ಕಿತಾಬ್-ಎ-ನವರಸ್’ ಎಂಬ ದಖನಿ ಗೀತಸಂಕಲನದಲ್ಲಿ ಸರಸ್ವತಿ, ಗಣಪತಿಯರನ್ನು ಸ್ತುತಿಸಿದ ಇಬ್ರಾಹಿಂ 1599ರಲ್ಲಿ ನವರಸಪುರವನ್ನು ಕಟ್ಟತೊಡಗಿದ್ದೂ ಇಲ್ಲಿಯೇ. ಅಲಂಕಾರಶಾಸ್ತ್ರದ ಪರಿಭಾಷೆಯೊಂದು ರಾಜಧಾನಿಗೆ ಹೆಸರಾದ ನಿದರ್ಶನ ಬೇರೆಲ್ಲಿದೆ? 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಆ ನಗರ ಹಾಳಾಯಿತು. ಸಂಗೀತ ಮಹಲಿನ ಗೋಡೆಗಳು ನಿಂತಿವೆ. ಸಾಹಿತ್ಯಚರಿತ್ರೆ ಈ ಇಬ್ಬರು ಕವಿಗಳನ್ನು ಬೇರೆಬೇರೆ ಭಾಷೆಯ, ಬೇರೆಬೇರೆ ಮತದ ಅಧ್ಯಾಯಗಳಲ್ಲಿ ಇರಿಸುತ್ತದೆ. ತೊರವಿಯಲ್ಲಿ ನಿಂತವರಿಗೆ ಅವರ ನಡುವಿನ ದೂರ ಕಾಲ್ನಡಿಗೆಯದು, ನೆಲದಡಿಯ ಸೆಲೆಯೂ ಒಂದೇ ಇಳಿಜಾರಿನದು.

ತಿಕೋಟಾದ ಸುತ್ತ ಇಂದು ದ್ರಾಕ್ಷಿಯ ತೋಟಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಕಾಣುತ್ತವೆ. ಹನಿ ನೀರನ್ನೂ ಲೆಕ್ಕವಿಟ್ಟು ಬೆಳೆಸುವ ಬೆಳೆ ಅದು.

ನಗರದಿಂದ ಬಬಲೇಶ್ವರದ ಹಾದಿ ಹಿಡಿದರೆ ಸಾರವಾಡದ ಬಳಿ ಡೋಣಿ ಎದುರಾಗುತ್ತದೆ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳವೆಂದು ಜನ ಹೊಗಳುವ ಈ ಹೊಳೆಯ ನೀರು ಉಪ್ಪು. ಎರೆಹೊಲವನ್ನು ತಣಿಸೀತು, ಬಾಯಾರಿಕೆಯನ್ನಲ್ಲ. ಬಬಲೇಶ್ವರವನ್ನು ದಾಟಿದ ಮೇಲೆ ಸಿಗುವ ಮಮದಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹ (1627–1656) ದೊಡ್ಡದೊಂದು, ಸಣ್ಣದೊಂದು ಕೆರೆ ಕಟ್ಟಿಸಿದ್ದೇಕೆಂಬುದು ಡೋಣಿಯನ್ನು ನೋಡಿದವರಿಗೆ ತಾನಾಗಿಯೇ ಹೊಳೆಯುತ್ತದೆ. ಗೋಲಗುಮ್ಮಟದಲ್ಲಿ ಮಲಗಿರುವವನೂ ಈತನೇ. ತನ್ನ ಸಮಾಧಿಗೆ ಅಷ್ಟು ದೊಡ್ಡ ಗುಮ್ಮಟ ಎತ್ತಿಸಿದ ದೊರೆ, ರಾಜಧಾನಿಗೆ 1651ರಲ್ಲಿ ಬೇಗಂ ತಲಾಬನ್ನೂ ಕಟ್ಟಿಸಿ, ನೆಲದೊಳಗೆ ಮಣ್ಣಿನ ಕೊಳವೆ ಹಾಸಿ, ನೀರಿನ ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದ್ದನು. ಊರೊಳಗೆ ಅವು ಇನ್ನೂ ಅಲ್ಲಲ್ಲಿ ಇವೆ. ದಿನವೂ ಅವುಗಳ ಮಗ್ಗುಲಲ್ಲೇ ಹಾದುಹೋಗುವವರಲ್ಲಿ ಎಷ್ಟೋ ಮಂದಿ ಅವನ್ನು ಹಳೆಯ ಕಾವಲು ಬುರುಜುಗಳೆಂದೇ ತಿಳಿದಿದ್ದಾರೆ.

ಈಚಿನ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆ ಈ ಸೀಮೆಯ ಕೆರೆಗಳಿಗೆ ಏರಿ ಬರುತ್ತಿದ್ದಾಳೆ. ಆದಿಲ್‌ಶಾಹಿಗಳು ನೀರನ್ನು ಇಳಿಸಿ ತಂದಿದ್ದರು. ಈಗ ಅದನ್ನು ವಿದ್ಯುತ್ತಿನಿಂದ ಎತ್ತಿ ತರುತ್ತಾರೆ. ಮಮದಾಪುರದ ಏರಿಯ ಮೇಲೆ ನಿಂತು ನೋಡುವವರಿಗೆ ಕೆರೆಯಂಗಳ ಒಂದೇ ನೋಟಕ್ಕೆ ನಿಲುಕುವುದಿಲ್ಲ. ದಂಡೆಯಲ್ಲಿ ಎಮ್ಮೆಗಳು ನೀರಿಗಿಳಿಯುತ್ತವೆ, ಅವುಗಳ ಹಿಂದೆ ಕಾಯುವ ಹುಡುಗರೂ.