ವಿಶ್ವವಿದ್ಯಾಲಯದ ಸಂಶೋಧನೆಯೂ ನಮ್ಮ ಸೀಮೆಯೂ

ವಿಶ್ವವಿದ್ಯಾಲಯವೆಂದರೆ ಪದವಿಪತ್ರಗಳನ್ನು ಹಂಚುವ ಸ್ಥಳವೆಂಬ ಭಾವನೆ ನಮ್ಮ ಭಕ್ತವೃಂದದಲ್ಲಿ ಇಂದಿಗೂ ಬಲವಾಗಿದೆ. ಮಗನು ಪದವೀಧರನಾದನೆಂದು ಮಠಕ್ಕೆ ಬಂದು ಫಲಪುಷ್ಪಗಳನ್ನಿರಿಸಿ ನಮಸ್ಕರಿಸುವವರು ಅನೇಕರು. ಆ ವಿಶ್ವವಿದ್ಯಾಲಯದಲ್ಲಿ ಪಾಠಪ್ರವಚನವಲ್ಲದೆ ಮತ್ತೇನು ನಡೆಯುತ್ತದೆಯೆಂದು ಕೇಳುವವರು ವಿರಳ. ಪಾಠಶಾಲೆಯಲ್ಲಿ ಅಮರಕೋಶವನ್ನೂ ಸಿದ್ಧಾಂತ ಶಿಖಾಮಣಿಯನ್ನೂ ಕಂಠಸ್ಥ ಮಾಡಿ, ಅನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋದ ನಮಗೆ, ಅಲ್ಲಿಯ ಗ್ರಂಥಾಲಯದಲ್ಲಿ ಪಿಎಚ್.ಡಿ. ಮಹಾಪ್ರಬಂಧಗಳನ್ನು ಜೋಡಿಸಿಟ್ಟ ಕಪಾಟುಗಳನ್ನು ಕಂಡಾಗ ಮೊದಲು ಆದುದು ದಿಗ್ಭ್ರಮೆಯೇ. ಶಾಸನ, ವಚನ, ವ್ಯಾಕರಣಗಳ ಜೊತೆಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರ, ಅರ್ಥಶಾಸ್ತ್ರಗಳು ಅಲ್ಲಿ ಮನೆಮಾಡಿಕೊಂಡಿದ್ದವು. ಗುರುಮುಖದಿಂದ ಬಂದುದನ್ನು ಕೆಡದಂತೆ ಕಾಯ್ದುಕೊಳ್ಳುವುದು ಪಾಠಶಾಲೆ ಕಲಿಸಿದ ವಿದ್ಯೆ. ಬಂದುದನ್ನು ಮತ್ತೊಮ್ಮೆ ಒರೆಗೆ ಹಚ್ಚುವುದು ಇಲ್ಲಿಯ ವಿದ್ಯೆ. ಎರಡನ್ನೂ ಉಂಡು ಬೆಳೆದ ನಮಗೆ ಇವುಗಳಲ್ಲಿ ವಿರೋಧವೇನೂ ಕಾಣಲಿಲ್ಲ.

ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಆರಂಭಗೊಂಡು 1950ರಲ್ಲಿ ಧಾರವಾಡಕ್ಕೆ ಬಂದಿತು. 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯು ಆ ಊರಿನಲ್ಲಿ ಅದಕ್ಕಿಂತ ಹಿರಿದು. ಆಗ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು ಧಾರವಾಡ ಜಿಲ್ಲೆಯವೇ ಆಗಿದ್ದವು. 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಅದಕ್ಕೆ ಸೇರಿದವು. ಈ ನಾಲ್ಕು ತಾಲೂಕುಗಳಲ್ಲಿ ಪೂಜೆ, ಪುರಾಣ, ಜಾತ್ರೆಗಳ ನಿಮಿತ್ತ ಸಂಚರಿಸುವಾಗಲೆಲ್ಲ, ವಿದ್ವಾಂಸರು ಒಮ್ಮೆಯಾದರೂ ಬಂದು ಹೋಗದ ಊರು ಬಹಳ ಇರಲಾರದೆಂದು ನಮಗೆ ಅನ್ನಿಸಿದೆ. ಸಂಶೋಧನೆಯ ಹರವನ್ನು ವಿಷಯಗಳ ಸಂಖ್ಯೆಯಿಂದ ಅಳೆಯುವುದು ರೂಢಿ. ನಾವು ಇಲ್ಲಿ ಬೇರೊಂದು ಅಳತೆಯನ್ನು ವಾಚಕರ ಮುಂದಿಡಬಯಸುತ್ತೇವೆ: ಮಾಹಿತಿಯನ್ನು ಕೊಟ್ಟ ಊರಿಗೆ ಆ ತಿಳಿವು ಮರಳಿ ಬಂದಿತೇ?

ಹಿರೇಕೆರೂರು ತಾಲೂಕಿನ ಅಬ್ಬಲೂರನ್ನೇ ನೋಡಿರಿ. ಅಲ್ಲಿಯ ದೇವಾಲಯದ ಶಾಸನವು ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುತ್ತದೆ. ರಾಮಯ್ಯನು ಜೈನರೊಡನೆ ಪಣತೊಟ್ಟು ತನ್ನ ಶಿರವನ್ನರಿದು ಶಿವನಿಗರ್ಪಿಸಿ, ಏಳನೆಯ ದಿನ ಅದನ್ನು ಮರಳಿ ಪಡೆದನೆಂದೂ, ಪಣದ ಮಾತನ್ನು ಅವರು ನಡೆಸದಿರಲು ಜಿನಬಿಂಬವನ್ನು ಒಡೆದನೆಂದೂ, ಬಿಜ್ಜಳನು ಅವನಿಗೆ ಜಯಪತ್ರವಿತ್ತನೆಂದೂ ಅದರಲ್ಲಿದೆ. ಹಾನಗಲ್ಲ ಕದಂಬ ಕಾಮದೇವನು ಅಲ್ಲಿಯ ದೇವರಿಗೆ ದತ್ತಿ ಬಿಟ್ಟ ಸಂಗತಿಯೂ ಉಂಟು. ಈ ಕಥೆಯನ್ನು ಶಿಲ್ಪಿಯು ಕಲ್ಲಿನಲ್ಲಿ ಕಡೆದು, ಅದರಡಿಯಲ್ಲಿ ಇಂಥದೇ ಸನ್ನಿವೇಶವೆಂದು ಅಕ್ಷರದಲ್ಲಿಯೂ ಬರೆದಿದ್ದಾನೆ. ಈ ಶಾಸನಗಳನ್ನು ಮೊದಲು ಸಂಪಾದಿಸಿ ಲೋಕಕ್ಕೆ ತಿಳಿಸಿದವನು ಮುಂಬಯಿ ಇಲಾಖೆಯ ಆಂಗ್ಲ ಅಧಿಕಾರಿ ಫ್ಲೀಟ್. ಅವು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಅಚ್ಚಾದವು. ಆಗ ನಮ್ಮ ನಾಡಿನಲ್ಲಿ ವಿಶ್ವವಿದ್ಯಾಲಯದ ಸುಳಿವೇ ಇರಲಿಲ್ಲ.

ಭಕ್ತನಿಗೆ ಆ ಶಾಸನದಲ್ಲಿ ಕಾಣುವುದು ಪವಾಡ. ಇತಿಹಾಸಕಾರನಿಗೆ ಕಾಣುವುದು ಹನ್ನೆರಡನೆಯ ಶತಮಾನದ ಶೈವ–ಜೈನ ಸಂಘರ್ಷ, ಒಂದು ಗ್ರಾಮದ ಭೂಮಿ ಮತ್ತು ಅಧಿಕಾರಗಳ ಪ್ರಶ್ನೆ. ಒಮ್ಮೆ ಪುರಾಣದ ಮಂಗಲದಂದು ನಾವು ಈ ಎರಡನೆಯ ಅರ್ಥವನ್ನೂ ವಿವರಿಸಿದಾಗ ಹಿರಿಯ ಭಕ್ತರೊಬ್ಬರು ಎದ್ದು ನಿಂತು, “ಅಜ್ಜಾರ, ಇದನ್ನ ನೀವ ಹೇಳಬಾರದಾಗಿತ್ರಿ” ಎಂದರು. ಅವರ ನೋವು ನಮಗೆ ಅರ್ಥವಾಯಿತು. ಆದರೆ ಬಿಂಬವನ್ನು ಒಡೆದ ಮಾತು ಶಾಸನದಲ್ಲಿಯೇ ಇದೆ, ಅದನ್ನು ಬರೆಯಿಸಿದವರು ನಮ್ಮವರೇ. ಜೈನ ಬಾಂಧವರು ಇಂದಿಗೂ ನಮ್ಮ ನೆರೆಯವರು. ಕಲ್ಲಿನ ಮೇಲೆ ಇರುವುದನ್ನು ಇಲ್ಲವೆನ್ನುವುದರಿಂದ ಅವರಿಗೂ ನಮಗೂ ಯಾವ ಹಿತವೂ ಇಲ್ಲವೆಂದು ನಿವೇದಿಸಿದೆವು. ಅವರು ಒಪ್ಪಿದರೋ ಇಲ್ಲವೋ, ಪ್ರಸಾದ ಸ್ವೀಕರಿಸಿಯೇ ಹೋದರು.

ಫ್ಲೀಟನ ಬರಹದ ಪರಿಣಾಮ ಇನ್ನೊಂದುಂಟು. ಆಗ ದೊರೆತಿದ್ದ ಶಾಸನಗಳಲ್ಲಿ ಬಸವಣ್ಣನವರ ಹೆಸರು ಕಾಣದಿದ್ದುದರಿಂದ, ಶೈವ ಪುನರುತ್ಥಾನದಲ್ಲಿ ಅವನು ರಾಮಯ್ಯನಿಗೇ ಹಿರಿಯ ಸ್ಥಾನ ಕೊಟ್ಟನು. ಬಸವಣ್ಣನವರ ಚಾರಿತ್ರಿಕತೆಯ ಬಗೆಗೆ ಸಂಶಯಗಳು ತಲೆದೋರಿದವು. ಭಕ್ತರು ನೊಂದುಕೊಂಡುದು ಸಹಜ. ಆದರೆ ಆ ಸಂಶಯವನ್ನು ನಿವಾರಿಸಿದ್ದು ಯಾರ ಆಕ್ರೋಶವೂ ಅಲ್ಲ. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವು ಸಂಗನಬಸವನನ್ನೂ ಬಾಗೇವಾಡಿಯನ್ನೂ ಹೆಸರಿಸಿತು. ಕಲ್ಲು ಎತ್ತಿದ ಪ್ರಶ್ನೆಗೆ ಕಲ್ಲೇ ಉತ್ತರ ಹೇಳಿತು. ಫ್ಲೀಟನು ಕೇಳದೆ ಹೋಗಿದ್ದರೆ ಅರ್ಜುನವಾಡದ ಕಲ್ಲನ್ನು ಅಷ್ಟು ಕಾತರದಿಂದ ಓದುವವರು ಇರುತ್ತಿದ್ದರೇ ಎಂಬುದು ನಮ್ಮ ಸಂದೇಹ.

ಈ ಪಾಠವನ್ನು ನಾವು ಕಲಿತೆವೆಂದು ಹೇಳುವುದು ಕಷ್ಟ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಗ್ರಂಥದ ಕೆಲವು ಬರಹಗಳಿಗಾಗಿ 1989ರಲ್ಲಿ ಸಮಾಜದ ಪ್ರಬಲ ವಿರೋಧವನ್ನು ಎದುರಿಸಿ, ಅಭಿಪ್ರಾಯಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. 1993ರಲ್ಲಿ ಕರ್ನಾಟಕ ಸರಕಾರ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಅವುಗಳ ಪ್ರಧಾನ ಸಂಪಾದಕರೂ ಅವರೇ. ಇಂದು ನಮ್ಮ ಮಠಗಳಲ್ಲಿ ವಚನಪಾರಾಯಣಕ್ಕೆ ಕೈಗೆತ್ತಿಕೊಳ್ಳುವುದು ಆ ಸಂಪುಟಗಳನ್ನೇ. 2015ರ ಆಗಸ್ಟ್ 30ರಂದು ಅವರು ಧಾರವಾಡದ ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ಅವರ ಎಲ್ಲ ನಿರ್ಣಯಗಳನ್ನೂ ನಾವು ಒಪ್ಪಿದವರಲ್ಲ. ಒಪ್ಪದವರು ಮಾಡಬೇಕಾದ ಕೆಲಸ ಮತ್ತೊಂದು ಅರ್ಜುನವಾಡವನ್ನು ಹುಡುಕುವುದಾಗಿತ್ತು.

ಮಾನವಿಕಗಳ ಮಾತಾಯಿತು. ಸವಣೂರಿನ ದೊಡ್ಡಹುಣಸೆ ಮಠದ ಮರಗಳನ್ನು ನೋಡದ ಭಕ್ತರು ಈ ಭಾಗದಲ್ಲಿ ಕಡಿಮೆ. ಹೆಸರು ಹುಣಸೆಯಾದರೂ ಅವು ಹುಣಸೆಯಲ್ಲ. ಆಫ್ರಿಕಾ ಮೂಲದ ಬಾವೊಬಾಬ್ ವೃಕ್ಷಗಳೆಂದು ಸಸ್ಯಶಾಸ್ತ್ರವು ತಿಳಿಸುತ್ತದೆ. ಅಷ್ಟು ದೂರದ ಬೀಜ ಇಲ್ಲಿಗೆ ಯಾರ ಕೈಯಲ್ಲಿ ಬಂದಿತೆಂಬುದು ಸಸ್ಯಶಾಸ್ತ್ರಜ್ಞನೊಬ್ಬನೇ ಬಿಡಿಸಲಾಗದ ಒಗಟು. ಅವನ ಪಕ್ಕದಲ್ಲಿ ಇತಿಹಾಸಕಾರನೂ ಕುಳಿತುಕೊಳ್ಳಬೇಕು. 2023ರ ಮಳೆಗಾಲದಲ್ಲಿ ಆ ಮೂರು ಮರಗಳಲ್ಲೊಂದು ಬುಡಸಮೇತ ಉರುಳಿದಾಗ ಊರಿಗೆ ಊರೇ ಮರುಗಿತು. ಅದನ್ನು ಮತ್ತೆ ಎತ್ತಿ ನೆಟ್ಟರು. ಮಠದ ಆವರಣದ ಮರವೂ ಸಂಶೋಧನೆಯ ವಸ್ತುವೆಂಬುದು ಆ ದಿನಗಳಲ್ಲಿ ಅನೇಕರಿಗೆ ಮೊದಲ ಬಾರಿ ಹೊಳೆದಿರಬೇಕು.

ಸಂಶೋಧನೆ ಊರಿಗೆ ಮರಳಿದ ಉದಾಹರಣೆ ಕೇಳಿದರೆ ನಾವು ಹತ್ತಿಯನ್ನು ತೋರಿಸುತ್ತೇವೆ. ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ‘ವರಲಕ್ಷ್ಮಿ’ಯನ್ನೂ, ಅನಂತರ ‘ಜಯಲಕ್ಷ್ಮಿ’ ಎಂಬ ಡಿ.ಸಿ.ಎಚ್. 32 ತಳಿಯನ್ನೂ ಕೊಟ್ಟರು. ಧಾರವಾಡಕ್ಕೆ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ ಬಂದದ್ದು 1986ರಲ್ಲಿ. ಆ ಮೊದಲು ಈ ಕೇಂದ್ರವು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಮಿಶ್ರತಳಿಯ ಬೀಜವನ್ನು ಪ್ರತಿವರ್ಷ ಹೊಸದಾಗಿ ಮಾಡಬೇಕು. ಸಂಜೆ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ಕಿತ್ತು, ಮರುದಿನ ಮುಂಜಾನೆ ಇನ್ನೊಂದು ಜಾತಿಯ ಹೂವಿನ ಪರಾಗವನ್ನು ಕೈಯಿಂದಲೇ ಸವರಬೇಕು. ನಮ್ಮ ಹೆಣ್ಣುಮಕ್ಕಳು ಇದನ್ನು ‘ಕ್ರಾಸಿಂಗ್’ ಎಂದು ಕರೆಯುತ್ತಾರೆ. ಸಸ್ಯಸಂಕರದ ತತ್ತ್ವವನ್ನು ಯಾವ ಪುಸ್ತಕದಲ್ಲಿಯೂ ಓದದ ತಾಯಂದಿರು ಅದನ್ನು ಬೆರಳ ತುದಿಯಲ್ಲಿ ಬಲ್ಲವರಾದರು. 2002ರಲ್ಲಿ ಬಿ.ಟಿ. ಹತ್ತಿ ಬಂದಿತು, ಈಗಂತೂ ಹಿರೇಕೆರೂರಿನ ಕಡೆಗೆ ಹೋದರೆ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ತಳಿ ಬದಲಾದರೂ ಕಲಿತ ಕೈಗಳು ಕಲಿತಂತೆಯೇ ಉಳಿದಿವೆ. ಆ ತಳಿಗೆ ಎಷ್ಟು ಬಾರಿ ಔಷಧ ಹೊಡೆಯಬೇಕಾಯಿತು, ಅದರ ಸಾಲ ಎಷ್ಟು ಮನೆಗಳ ಮೇಲೆ ಕುಳಿತಿತು ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರದವರಿಗೆ ಬಿಡೋಣ. ಆ ಪ್ರಶ್ನೆಯೂ ಇದೇ ಹರವಿನೊಳಗೆ ಬರಬೇಕಾದುದು.

ಸಾಹಿತ್ಯ, ಜಾನಪದಗಳ ಸಂಗತಿ ಹಾಗಿಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಈ ಸೀಮೆಯ ಜನರಿಗೆ ಹೆಮ್ಮೆಯಾದುದು ಸತ್ಯ. ಶಿಶುನಾಳ ಶರೀಫರೂ ಬಾಡದ ಕನಕದಾಸರೂ ಹುಟ್ಟಿದ ತಾಲೂಕಿಗೆ ಅಂಥ ವಿಶ್ವವಿದ್ಯಾಲಯ ತಕ್ಕದ್ದೇ. ಆದರೆ ಅದಕ್ಕಿಂತ ಬಹಳ ಹಿಂದಿನಿಂದಲೂ ಬೀಸುವ ಪದ, ಸೋಬಾನೆ ಪದಗಳನ್ನು ಸಂಗ್ರಹಿಸಲು ಬಂದವರಿದ್ದಾರೆ. ಇಲ್ಲಿಯ ಹಳ್ಳಿಯೊಂದರ ಮುದುಕಿ, ಯಾವುದೋ ಊರಿನ ಸಂಶೋಧಕರಿಗೆ ಮೂರು ರಾತ್ರಿ ಹಾಡಿಕೊಟ್ಟವಳು, ನಮ್ಮನ್ನು ಕಂಡಾಗ ಒಮ್ಮೆ ಕೇಳಿದಳು: “ಅಜ್ಜಾರ, ನಾ ಹಾಡಿದ ಹಾಡು ಎಲ್ಲಿಗ್ಹೋತ್ರಿ? ಪೆಟ್ಟಿಗ್ಯಾಗ ತುಂಬಕೊಂಡು ಹೋದ್ರು.” ಅವಳಿಗೆ ಹಣ ಬೇಕಾಗಿರಲಿಲ್ಲ, ಹೆಸರೂ ಬೇಕಾಗಿರಲಿಲ್ಲ. ತನ್ನ ಧ್ವನಿ ಎಲ್ಲಿದೆಯೆಂದು ತಿಳಿಯಬೇಕಾಗಿತ್ತು. ಆ ಸಂಶೋಧಕರಿಗೆ ಪದವಿ ಬಂದಿರಬಹುದು, ನೌಕರಿಯೂ ದೊರೆತಿರಬಹುದು. ಉತ್ತರ ಬರುವ ಮೊದಲೇ ಅವಳು ಲಿಂಗೈಕ್ಯಳಾದಳು.

ಮಹಾಪ್ರಬಂಧಗಳು ಈಗ ‘ಶೋಧಗಂಗಾ’ ಎಂಬ ಗಣಕಭಂಡಾರದಲ್ಲಿ ಎಲ್ಲರಿಗೂ ದೊರೆಯುತ್ತವೆಯೆಂದು ಯುವಕರು ಹೇಳುತ್ತಾರೆ. ಒಳ್ಳೆಯದೇ. ಆದರೆ ವಿಜ್ಞಾನದವು ಇಂಗ್ಲಿಷಿನಲ್ಲಿವೆ. ಕನ್ನಡದವು ಕೂಡ ಎಷ್ಟೋ ಸಲ ಕನ್ನಡಿಗರಿಗೆ ತಿಳಿಯದ ಕನ್ನಡದಲ್ಲಿವೆ. ಮುದ್ರಣಕ್ಕೆ ಹಣವಿಲ್ಲವೆಂಬುದು ಸಂಶೋಧಕರ ಅಳಲು, ಅದರಲ್ಲಿ ನ್ಯಾಯವಿದೆ. ಅಷ್ಟರಮಟ್ಟಿಗೆ ಮಠಗಳು ಕೈಜೋಡಿಸಬಹುದು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದಾಗ ಸಾಧಕರಿಗೆ ಅನ್ನ ಮತ್ತು ಅಕ್ಷರಗಳೆರಡನ್ನೂ ಒಂದೇ ಕಡೆಯಲ್ಲಿ ದೊರಕಿಸಿದರು. ಫ. ಗು. ಹಳಕಟ್ಟಿಯವರು ವಕೀಲರು, ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಬೋಧಕರು. ಇಬ್ಬರೂ ಊರೂರು ತಿರುಗಿ, ಒಬ್ಬರು ವಚನಗಳನ್ನು, ಇನ್ನೊಬ್ಬರು ಹಿರೇಕೆರೂರು ಸೀಮೆ ತನ್ನವನೆಂದು ಹೇಳಿಕೊಳ್ಳುವ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ ಅಚ್ಚು ಹಾಕಿಸಿ ಜನರ ಕೈಗೇ ಕೊಟ್ಟರು. ಪದವಿಯ ಹಂಗು ಅವರಿಗಿರಲಿಲ್ಲ.

ಇದೇ ಕಾರಣಕ್ಕೆ, ಈ ಭಾಗದಲ್ಲಿ ಮಾಹಿತಿ ಕೇಳಿ ನಮ್ಮ ಮಠಕ್ಕೆ ಬರುವ ಸಂಶೋಧಕರಿಗೆ ಕೆಲವು ವರ್ಷಗಳಿಂದ ಒಂದು ಕರಾರು ಹಾಕುತ್ತಿದ್ದೇವೆ: ಕೆಲಸ ಮುಗಿದ ಮೇಲೆ ಶ್ರಾವಣದ ಒಂದು ಸಂಜೆ ಬಂದು, ಕಂಡುಕೊಂಡುದನ್ನು ಭಕ್ತರೆದುರು ತಿಳಿಗನ್ನಡದಲ್ಲಿ ಹೇಳಬೇಕು. ಬಂದವರು ಕೆಲವರು; ಬಾರದವರು ಹೆಚ್ಚು.

ಕಳೆದ ವರ್ಷ ಹಾನಗಲ್ಲ ತಾಲೂಕಿನ ಒಂದು ಮನೆತನದ ತಾಡವೋಲೆಯ ಕಟ್ಟನ್ನು ಓದಲು ವಿದ್ಯಾರ್ಥಿಯೊಬ್ಬ ಅಪೇಕ್ಷಿಸಿದನು. ಆ ಮನೆಯ ಹಿರಿಯರು ಕೊಡಲೊಲ್ಲರು. ಅವರ ತಂದೆಯ ಕಾಲದಲ್ಲಿ ಒಬ್ಬ ವಿದ್ವಾಂಸರು ಒಯ್ದ ಇನ್ನೊಂದು ಕಟ್ಟು ಮರಳಿ ಬಂದಿರಲಿಲ್ಲ. ಉಳಿದುದು ಶರಣರ ಪುರಾಣವೆಂದು ನಂಬಿ ಕೆಂಪು ವಸ್ತ್ರದಲ್ಲಿ ಸುತ್ತಿ ಪ್ರತಿ ಶಿವರಾತ್ರಿಗೆ ಪೂಜಿಸುತ್ತಿದ್ದರು. ಕೊನೆಗೆ ಒಂದು ಒಪ್ಪಂದವಾಯಿತು: ಕಟ್ಟು ಮನೆಯ ಹೊಸ್ತಿಲು ದಾಟಬಾರದು, ಚಿತ್ರ ತೆಗೆದುಕೊಳ್ಳಬಹುದು, ಏನಿದೆಯೆಂದು ಮನೆಯವರಿಗೆ ಓದಿ ಹೇಳಬೇಕು. ವಿದ್ಯಾರ್ಥಿ ನಾಲ್ಕು ದಿನ ಪಡಸಾಲೆಯಲ್ಲಿ ಕುಳಿತು ಗರಿಗಳನ್ನು ಬಿಡಿಸಿದನು. ನಾವೂ ಒಂದು ದಿನ ಹೋಗಿದ್ದೆವು. ಅದು ಪುರಾಣವಾಗಿರಲಿಲ್ಲ. ಅರ್ಧ ಭಾಗ ದನಕರುಗಳ ರೋಗಕ್ಕೆ ಹೇಳಿದ ಗಿಡಮೂಲಿಕೆಗಳು. ಉಳಿದುದು ಊರಿನವರು ಕಡವಾಗಿ ಒಯ್ದ ಭತ್ತದ ಲೆಕ್ಕ.

ಆ ಹುಡುಗನಿಗೆ ಹೇಳಲು ಧೈರ್ಯ ಸಾಲದೆ ನಮ್ಮ ಮುಖ ನೋಡಿದನು. ಇದ್ದುದನ್ನು ಇದ್ದಂತೆ ಓದೆಂದೆವು. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, “ಪೂಜಿ ಏನ ಬಿಡೂದಿಲ್ರಿ ಅಜ್ಜಾರ, ನಮ್ಮ ಮುತ್ಯಾನ ಅಕ್ಷರ ಅದು. ಆದ್ರ ಯಾರ್ಯಾರ ಮನಿಯಿಂದ ಎಷ್ಟೆಷ್ಟು ಭತ್ತ ಬರಬೇಕಾಗಿತ್ತು ಅನ್ನೂದನ್ನ ಇನ್ನೊಮ್ಮೆ ಓದಸ್ರಿ” ಎಂದರು. ಆ ಓದಿನ ಪ್ರತಿ ಈಗ ಮಠದಲ್ಲಿದೆ. ಆ ಊರಿನವರು ಯಾರಾದರೂ ನೋಡಬಯಸಿದರೆ ಸಂಜೆಯ ಪೂಜೆಯ ನಂತರ ಬರಬಹುದು. ಈಗಾಗಲೇ ಇಬ್ಬರು ಬಂದು ತಮ್ಮ ಮನೆತನದ ಹೆಸರನ್ನು ಹುಡುಕಿ ನೋಡಿ ಹೋಗಿದ್ದಾರೆ.