ಕಟ್ಟೆಯ ತನಕ ವೈಫೈ

ಈಗಷ್ಟೇ ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ಕಂಡದ್ದು. ಗ್ರಂಥಾಲಯದ ಬಾಗಿಲು ಹಾಕಿದೆ. ಹೊರಗೆ ಕಟ್ಟೆ ಮೇಲೆ ನಾಲ್ಕೈದು ಹುಡುಗ ಹುಡುಗಿಯರು ಮೊಬೈಲ್ ಹಿಡಿದು ಕೂತಿದ್ದಾರೆ. ಪೊಲೀಸ್ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳೋಕೆ.

ಹಳ್ಳಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಹೆಸರು ಅರಿವು ಕೇಂದ್ರ. ಎಷ್ಟೋ ಕಡೆ ಕಂಪ್ಯೂಟರ್ ಬಂದಿದೆ, ಭಾರತ್‌ನೆಟ್ ಫೈಬರ್ ಎಳೆದದ್ದೂ ಪಂಚಾಯಿತಿಗಳಿಗಾಗಿಯೇ. ಆದರೆ ಫೈಬರ್ ಎಷ್ಟೇ ವೇಗದ್ದಿರಲಿ, ಅದನ್ನು ಮೊಬೈಲಿಗೆ ಹಂಚೋದು ಗೋಡೆ ಮೇಲಿನ ಸಣ್ಣ ರೌಟರ್. ಅದು ಹಳೇದಾದರೆ ಇಪ್ಪತ್ತು ಮೊಬೈಲ್ ಒಟ್ಟಿಗೆ ಸೇರಿದ ಕೂಡಲೇ ಎಲ್ಲರದೂ ನಿಧಾನ. ದಪ್ಪ ಗೋಡೆ ಅಡ್ಡ ಬಂದರಂತೂ ಕಟ್ಟೆವರೆಗೆ ಸಿಗ್ನಲ್ಲೇ ಬರಲ್ಲ. ಗೋಕಾಕದಂಥ ಊರಲ್ಲೂ ಓದೋ ಕೋಣೆ ತುಂಬೋದು ಪರೀಕ್ಷೆ ಹತ್ತಿರ ಬಂದಾಗಲೇ, ವೈಫೈ ಬೇಕಾಗೋದೂ ಆಗಲೇ.

ಹೊಸ ಡ್ಯುಯಲ್ ಬ್ಯಾಂಡ್ ರೌಟರ್ ಹಚ್ಚಿ, ಇನ್ನೊಂದನ್ನು ಹೊರಗಿನ ಕಟ್ಟೆ ಕಡೆಗೆ ಕೂರಿಸಿ, ರಾತ್ರಿ ಒಂಬತ್ತರವರೆಗಾದರೂ ಚಾಲೂ ಇಡಬೇಕು. ಕರೆಂಟು ಹೋದಾಗ ನಡೆಯೋಕೆ ಒಂದು ಸಣ್ಣ ಬ್ಯಾಟರಿ. ಪಂಚಾಯಿತಿಗೆ ಇದು ದೊಡ್ಡ ಖರ್ಚಲ್ಲ.

ಪಕ್ಕದ ಹುಕ್ಕೇರಿಯವರು 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿ ಹಳ್ಳಿಗಳಿಗೆ ಕರೆಂಟು ಕೊಟ್ಟವರು. ನಮ್ಮ ಸೀಮೆಯ ಜನ ಮನಸ್ಸು ಮಾಡಿದರೆ ಗ್ರಂಥಾಲಯಕ್ಕೆ ಒಳ್ಳೆ ನೆಟ್ ತರೋದು ಖಂಡಿತ ಆಗುತ್ತೆ.

ನಿಮ್ಮೂರ ಅರಿವು ಕೇಂದ್ರದಲ್ಲಿ ವೈಫೈ ಹೆಂಗಿದೆ? ಒಟ್ಟಿಗೆ ಎಷ್ಟು ಮಂದಿಗೆ ಸಿಗುತ್ತೆ? ಊರ ಹೆಸರು ಹಾಕಿ ಬರೀರಿ.